ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು, ಮೊದಲು ಏನು ಕೊಳ್ಳಲಿ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಮಸ್ಕಿ ಹತ್ತಿರದ ಊರು, ಭಜನಾ ಮೇಳದಲ್ಲಿ ತತ್ವಪದ ಹಾಡ್ತೀರಿ, ಒಂದು ಹಳೇ ಲ್ಯಾಪ್‌ಟಾಪ್ ಇದೆ, ಕೈಯಲ್ಲಿ ಹತ್ತು ಸಾವಿರ ಇದೆ. ಯಾವ ಮೈಕ್ ತಗೊಳ್ಳಲಿ, ಯಾವ ಸಾಫ್ಟ್‌ವೇರ್ ಹಾಕಲಿ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಕಾ ಅಂತ ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಉತ್ತರ ಕೊಡ್ತೀನಿ: ಬೇಡ. ಆ ಟ್ರೇಗಳನ್ನು ಮೊಟ್ಟೆ ಅಂಗಡಿಯವರಿಗೇ ಬಿಟ್ಟುಬಿಡಿ.

ನಾನು ಬಳ್ಳಾರಿಯವನು. ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ಲೆಕ್ಕ ಬರೆಯೋ ಕೆಲಸ. ಸಂಗೀತ ಕಲಿತವನಲ್ಲ, ಸೌಂಡ್ ಎಂಜಿನಿಯರೂ ಅಲ್ಲ. ಅವ್ವನ ಸೋಬಾನೆ ಪದ, ಓಣಿಯ ಹಿರಿಯರ ಮೊಹರಂ ಪದ ಅಂತ ಆರೇಳು ವರ್ಷದಿಂದ ಮನೆಯಲ್ಲೇ ರೆಕಾರ್ಡ್ ಮಾಡ್ತಾ ಬಂದಿದ್ದೀನಿ. ನೀವು ಮುಂದೆ ಮಾಡಬಹುದಾದ ತಪ್ಪುಗಳನ್ನೆಲ್ಲ ನಾನು ಆಗಲೇ ಮಾಡಿ ಮುಗಿಸಿದ್ದೀನಿ, ಅದೊಂದೇ ನನ್ನ ಅರ್ಹತೆ.

ಮೊದಲ ತಪ್ಪು, ಮೈಕ್‌ನಿಂದ ಶುರು ಮಾಡಿದ್ದು. ಸ್ಟ್ಯಾಂಡು, ಸ್ಪಂಜು, ಜಾಳಿಗೆ ಎಲ್ಲಾ ಸೇರಿ ಒಂದು ಅಗ್ಗದ ಕಿಟ್ ತರಿಸಿದೆ, ಕಂಡೆನ್ಸರ್ ಮೈಕ್ (ಹೊರಗಿನಿಂದ ಕರೆಂಟ್ ಬೇಡುವ ಸೂಕ್ಷ್ಮ ಮೈಕು) ಇದ್ದದ್ದು. ವೈರನ್ನು ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೇ ಸಿಕ್ಕಿಸಬಹುದು ಅಂತ ಡಬ್ಬಿಯ ಮೇಲೆ ಬರೆದಿತ್ತು. ಸಿಕ್ಕಿಸಿದೆ. ದನಿ ಇಷ್ಟೇ ಇಷ್ಟು, ಅದರ ಹಿಂದೆ ಸುಯ್ಯಂತ ಜಿಟಿಜಿಟಿ ಮಳೆ. ಇಂಥ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ಬೇಕು, ಅದಕ್ಕೆ ಫ್ಯಾಂಟಮ್ ಪವರ್ ಅಂತಾರೆ, ಲ್ಯಾಪ್‌ಟಾಪಿನ ಆ ತೂತಿನಿಂದ ಬರೋದು ಅದರ ಚೂರುಪಾರು ಅಂತ ಆಮೇಲೆ ತಿಳೀತು. ಸಾಲ ಮಾಡಿ ಆಡಿಯೋ ಇಂಟರ್‌ಫೇಸ್ ತಂದೆ, ಮೈಕಿಗೆ ಆ ಪವರ್ ಕೊಟ್ಟು ದನಿಯನ್ನು ಲ್ಯಾಪ್‌ಟಾಪಿಗೆ ಮುಟ್ಟಿಸೋ ಪೆಟ್ಟಿಗೆ ಅದು. ಈಗ ದನಿ ಜೋರಾಗಿ ಬಂತು, ಅದರ ಬೆನ್ನಿಗೆ ನಮ್ಮ ಪಡಸಾಲೆಯೂ ಬಂತು. ಕಡಪ ಕಲ್ಲಿನ ನೆಲ, ಬೋಳು ಗೋಡೆ, ಮೇಲೆ ಆರ್‌ಸಿಸಿ. ಅವ್ವ ಹೆಡ್‌ಫೋನ್ ಹಾಕ್ಕೊಂಡು ಕೇಳಿ, “ಬಾವ್ಯಾಗ ಕುಂತು ಹಾಡಿದಂಗ ಐತಲ್ಲಪ್ಪಾ” ಅಂದಳು.

ಅದೇ ವಾರ ಅವ್ವ ಒಳಗಿನ ಕೋಣೆಯಲ್ಲಿ ಹಾಸಿಗೆ ಮಡಚುತ್ತಾ ಹಾಡಿಕೊಳ್ತಿದ್ದಾಗ ಸುಮ್ಮನೆ ಫೋನ್‌ನಲ್ಲಿ ಹಿಡಿದಿಟ್ಟೆ. ರಾತ್ರಿ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಫೋನಿನದ್ದೇ ಚೆಂದ. ಆ ಕೋಣೆಯಲ್ಲಿ ಗಾದಿ, ಕೌದಿ, ತಲೆದಿಂಬು ಎದೆಮಟ್ಟ ಪೇರಿಸಿಟ್ಟಿದ್ದೆವು. ದನಿ ಹೋಗಿ ಅದರೊಳಗೆ ಹೂತುಕೊಳ್ತಿತ್ತು, ವಾಪಸ್ ಬರ್ತಿರಲಿಲ್ಲ. ನಾನು ಮೈಕಿಗೆ ಸುರಿದ ದುಡ್ಡು ಮಾಡದ ಕೆಲಸವನ್ನು ಅಜ್ಜಿ ಹೊಲಿದ ಕೌದಿ ಬಿಟ್ಟಿಯಾಗಿ ಮಾಡಿತ್ತು.

ಹಾಗಾಗಿ ನಿಮ್ಮ ಹತ್ತು ಸಾವಿರ ಸದ್ಯ ಪೆಟ್ಟಿಗೆಯಲ್ಲೇ ಇರಲಿ. ಮನೆಯ ಒಂದೊಂದೇ ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೀರಿ. ಚಪ್ಪಾಳೆ ಆದಮೇಲೆ ಟಿಣ್ಣಂತ ಒಂದು ಬಾಲ ಉಳಿಯುತ್ತಲ್ಲ, ಅದು ಎಲ್ಲಿ ಎಲ್ಲಕ್ಕಿಂತ ಚಿಕ್ಕದೋ ಆ ಕೋಣೆಯೇ ನಿಮ್ಮ ಸ್ಟುಡಿಯೋ. ಸಾಮಾನು ತುಂಬಿದ ಕೋಣೆಯೇ ಗೆಲ್ಲೋದು ಹೆಚ್ಚು. ಅಲ್ಲಿ ಕೌದಿ ತೂಗುಹಾಕಿ. ಎಲ್ಲಿ ಅನ್ನೋದರಲ್ಲಿ ಬಹಳ ಜನ ಎಡವುತ್ತಾರೆ. ಮೈಕಿನ ಹಿಂದೆ ಹಾಕ್ತಾರೆ. ಹಾಡುವವರ ಬೆನ್ನ ಹಿಂದೆ ಹಾಕಬೇಕು. ನಾವು ಬಳಸುವ ಕಾರ್ಡಿಯಾಯ್ಡ್ ಮೈಕು ಮುಂದಿನದ್ದನ್ನು ಚೆನ್ನಾಗಿ ಕೇಳುತ್ತೆ, ಹಿಂದಿನದ್ದನ್ನು ಅಷ್ಟಾಗಿ ಕೇಳಲ್ಲ. ಅದರ ಮುಂದೆ ಇರೋದು ನೀವು, ನಿಮ್ಮ ಬೆನ್ನ ಹಿಂದಿನ ಗೋಡೆ. ಗೋಡೆಗೆ ಒತ್ತಿ ಹಾಕಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಗೋಡೆಗೆ ತಾಗಿದ ಗಾಳಿ ಅಲ್ಲಾಡಲ್ಲ, ಬಟ್ಟೆ ದನಿಯನ್ನು ಹೀರೋದು ಗಾಳಿ ಅಲ್ಲಾಡುವ ಕಡೆ. ಒಂದು ಪದರ ಸೀರೆಯಿಂದ ಏನೂ ಆಗಲ್ಲ, ಬರೀ ಚೂಪು ದನಿ ಹೋಗಿ ಗುಂಯ್‌ಗುಡೋದು ಹಾಗೇ ಉಳಿಯುತ್ತೆ. ದಪ್ಪ ಬೇಕು. ಹತ್ತಿಯ ಸೀಮೆಯವರಿಗೆ ಗಾದಿಗೇನು ಬರ? ಎರಡು ಗಾದಿ ಗೋಡೆಗೆ ಒರಗಿಸಿ ನಿಲ್ಲಿಸಿ, ಮೇಲೆ ಕೌದಿ ಇಳಿಬಿಡಿ, ಕಾಲ ಕೆಳಗೆ ಜಮಖಾನ ಹಾಸಿ.

ನಾನು ಇನ್ನೊಂದು ಮಾಡಿದ್ದೀನಿ. ನಮ್ಮ ಯೂನಿಟ್‌ನಲ್ಲಿ ಕಟಿಂಗ್ ಆದಮೇಲೆ ಉಳಿಯುವ ಜೀನ್ಸ್ ಚಿಂದಿ ಮೂಟೆಗಟ್ಟಲೆ ಬೀಳುತ್ತೆ. ನಾಲ್ಕಡಿ ಎತ್ತರ, ಎರಡಡಿ ಅಗಲ, ಒಂದು ಚಾಚಿದ ಹಸ್ತದಷ್ಟು ದಪ್ಪದ ಕಟ್ಟಿಗೆ ಚೌಕಟ್ಟು ಮಾಡಿಸಿ, ಒಳಗೆ ಚಿಂದಿಯನ್ನು ಸಡಿಲವಾಗಿ ತುಂಬಿ, ಮೇಲೆ ತೆಳ್ಳನೆ ಕಾಟನ್ ಬಟ್ಟೆ ಹೊಡೆದೆ. ರೆಕ್ಸಿನ್ ಹೊಡೀಬಾರದು, ಉಸಿರಾಡುವ ಬಟ್ಟೆಯೇ ಆಗಬೇಕು. ಇಂಥವು ನಾಲ್ಕಿವೆ. ಮಡಚಿದ ಅಡ್ಡಪರದೆ ಥರ ಹಾಡುವವರ ಹಿಂದೆ ನಿಲ್ಲಿಸ್ತೀನಿ. ಮೊಟ್ಟೆ ಟ್ರೇ ತೆಳ್ಳನೆ ರಟ್ಟು, ಈ ಕೆಲಸ ಅದರಿಂದ ಆಗಲ್ಲ, ಬೆಂಕಿ ತಗುಲಿದರೆ ಮಾತ್ರ ಭರ್ರಂತ ಉರಿಯುತ್ತೆ.

ಒಂದು ಮಾತು ತಿಳ್ಕೊಳ್ಳಿ, ಇದೆಲ್ಲ ಒಳಗಿನ ಗುಂಯ್‌ಗೆ ಮದ್ದು. ಹೊರಗಿನ ಲಾರಿ, ನಾಯಿ, ಪಕ್ಕದ ಮನೆಯ ಮಿಕ್ಸಿ ಇದಕ್ಕೆಲ್ಲ ಕೌದಿ ಕ್ಯಾರೇ ಅನ್ನಲ್ಲ. ಅದಕ್ಕೆ ಹೊತ್ತು ನೋಡಿ ಕೂಡಬೇಕು. ರಾತ್ರಿ ಹನ್ನೊಂದರ ಮೇಲೆ, ಇಲ್ಲಾ ಬೆಳಗಿನ ನಾಲ್ಕಕ್ಕೆ. ನನಗೆ ಇವೆರಡಕ್ಕಿಂತ ಇಷ್ಟ ಕರೆಂಟ್ ಹೋದ ಹೊತ್ತು. ನಗಬೇಡಿ. ಫ್ಯಾನ್ ನಿಂತಿರುತ್ತೆ, ಫ್ರಿಜ್ ನಿಂತಿರುತ್ತೆ, ಓಣಿಯ ಬೋರ್ ಮೋಟರು, ಟೀವಿ ಎಲ್ಲಾ ಬಂದ್. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡ್ತಿರುತ್ತೆ, ಯುಎಸ್‌ಬಿ ಮೈಕು ಅದರಿಂದಲೇ ಕರೆಂಟ್ ಎಳ್ಕೊಳ್ಳುತ್ತೆ. ಬ್ಯಾಟರಿಯಲ್ಲಿ ಓಡಿಸೋದರಿಂದ ಇನ್ನೊಂದು ಲಾಭ ಇದೆ. ನಮ್ಮ ಮನೆಗಳಲ್ಲಿ ಅರ್ಥಿಂಗ್ ಸರಿ ಇರಲ್ಲ, ಚಾರ್ಜರ್ ಸಿಕ್ಕಿಸಿದ ಕೂಡಲೇ 50 ಹರ್ಟ್ಸಿನ ಗುಂಯ್ ರೆಕಾರ್ಡಿಂಗ್ ಒಳಗೆ ಸೇರ್ಕೊಳ್ಳುತ್ತೆ. ಚಾರ್ಜರ್ ಕಿತ್ತರೆ ಎಷ್ಟೋ ಸಲ ಅದು ಪೂರ್ತಿ ಹೋಗುತ್ತೆ. ಶಕ್ತಿನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಕೇಂದ್ರ ಇಟ್ಕೊಂಡು ನಿಮ್ಮ ಜಿಲ್ಲೆಯಲ್ಲಿ ಕರೆಂಟ್ ಹೋಗೋದಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ಬೇಸಿಗೆಯ ಕಥೆ ಬೇರೆ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟಿದಾಗ ಫ್ಯಾನ್ ಇಲ್ಲದೆ ಗಾದಿಗಳ ನಡುವೆ ನಿಂತರೆ ಹತ್ತು ನಿಮಿಷಕ್ಕೆ ತಲೆ ಗಿರ್ರೆನ್ನುತ್ತೆ. ಒಂದು ಪದ ಮುಗೀತಿದ್ದಂತೆ ಹೊರಗೆ ಬನ್ನಿ, ನೀರು ಕುಡೀರಿ, ಮತ್ತೆ ಹೋಗಿ. ಕೂಲರ್ ಹಚ್ಚಿಟ್ಟು ಹಾಡಿ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಅದರ ಸದ್ದು ತೆಗೀತೀನಿ ಅನ್ನಬೇಡಿ. ನಾನು ಅಂದಿದ್ದೆ. ದನಿ ನೀರೊಳಗಿಂದ ಬಂದ ಹಾಗಾಯ್ತು.

ಈಗ ಮೈಕ್. ಪೂರ್ತಿ ಸಜ್ಜಾಗದ ಕೋಣೆಗೆ ಡೈನಾಮಿಕ್ ಮೈಕೇ (ಫ್ಯಾಂಟಮ್ ಪವರ್ ಬೇಡದ್ದು) ವಾಸಿ. ಅದನ್ನು ಬಾಯಿಗೆ ಹತ್ತಿರ ಇಟ್ಟು ಹಾಡ್ತೀವಿ, ಹತ್ತಿರ ಇದ್ದಷ್ಟೂ ಕೋಣೆ ಹಿಂದೆ ಸರಿಯುತ್ತೆ. ದೂರ ಅರ್ಧಕ್ಕೆ ಇಳಿಸಿದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ (ದನಿಯ ಜೋರಿನ ಅಳತೆ) ಏರುತ್ತೆ, ಕೋಣೆಯ ಗುಂಯ್ ಇದ್ದಷ್ಟೇ ಇರುತ್ತೆ. ಸ್ಯಾಮ್ಸನ್ ಕ್ಯೂ2ಯು, ಆಡಿಯೋ ಟೆಕ್ನಿಕಾ ಎಟಿಆರ್2100ಎಕ್ಸ್ ಥರದ ಮೈಕುಗಳಿಗೆ ಯುಎಸ್‌ಬಿ, ಎಕ್ಸ್‌ಎಲ್‌ಆರ್ (ಮೈಕ್‌ಸೆಟ್ಟಿನ ಮೂರು ಪಿನ್ನಿನ ವೈರು) ಎರಡೂ ಇವೆ. ಇವತ್ತು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮುಂದೆ ಇಂಟರ್‌ಫೇಸ್ ತಂದರೆ ಅದೇ ಮೈಕ್ ಅದಕ್ಕೂ ಆಗುತ್ತೆ, ಮೇಳದ ಆಂಪ್ಲಿಫೈಯರಿಗೂ ಆಗುತ್ತೆ. ನನ್ನನ್ನು ಕೇಳಿದರೆ ನಿಮಗೆ ಇಂಥದ್ದೇ ಒಂದು ಸಾಕು. ಮಿಕ್ಕ ದುಡ್ಡಿನಲ್ಲಿ ಕಿವಿ ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್ ತಗೊಳ್ಳಿ. ಬ್ಲೂಟೂತ್ ಬೇಡವೇ ಬೇಡ, ಅದರಲ್ಲಿ ದನಿ ತಡವಾಗಿ ಬರುತ್ತೆ, ಶ್ರುತಿಗೂ ತಾಳಕ್ಕೂ ತಾಳಮೇಳ ಇರಲ್ಲ.

ಮೈಕಿಗೂ ತುಟಿಗೂ ಒಂದು ಗೇಣು ಅಂತರ ಇರಲಿ, ಡೈನಾಮಿಕ್ ಆದರೆ ಅರ್ಧ ಗೇಣು. ತೀರಾ ಹತ್ತಿರ ಹೋದರೆ ದನಿ ಬುಡದಲ್ಲಿ ಉಬ್ಬಿಕೊಳ್ಳುತ್ತೆ, ನಿಮಗೆ ಸುಳ್ಳೇ ಗಡಸು ಕಂಠ ಬಂದ ಹಾಗೆ ಅನಿಸುತ್ತೆ, ಮೋಸ ಹೋಗಬೇಡಿ. ಪ, ಬ, ಭ ಬಂದಾಗ ಗಾಳಿಯ ಗುದ್ದು ನೇರ ಮೈಕಿಗೆ ಬೀಳುತ್ತೆ. ನಮ್ಮ ಪದಗಳಲ್ಲಿ ‘ಭಾವ’, ‘ಭಕ್ತಿ’, ‘ಬಯಲು’ ಬರದ ಸಾಲೇ ಕಡಿಮೆ! ಕಸೂತಿ ಹಾಕುವ ಕಟ್ಟಿಗೆ ಬಳೆಗೆ ಹಳೇ ನೈಲಾನ್ ಸಾಕ್ಸ್ ಎಳೆದು ಕಟ್ಟಿ ಮಧ್ಯೆ ಇಡಿ. ಅದೂ ಇಲ್ಲದಿದ್ದರೆ ಮೈಕನ್ನು ಬಾಯಿಯ ನೇರ ಬಿಟ್ಟು ಕೆನ್ನೆಯ ಕಡೆ ಸ್ವಲ್ಪ ಸರಿಸಿ.

ಸಾಫ್ಟ್‌ವೇರ್ ವಿಷಯಕ್ಕೆ ಜನ ತುಂಬಾ ಜಗಳ ಆಡ್ತಾರೆ, ನನಗೆ ಅಷ್ಟು ಆಸಕ್ತಿ ಇಲ್ಲ. ಹಳೇ ಲ್ಯಾಪ್‌ಟಾಪಿಗೆ ಆಡಾಸಿಟಿ ಹಾಕಿ, ಉಚಿತ, ಹಗುರ. ಹಿಮ್ಮೇಳದ ಮೇಲೆ ಹಾಡು, ಹಾಡಿನ ಮೇಲೆ ಕೋರಸ್ ಅಂತ ಕೂಡಿಸೋದು ಹೆಚ್ಚಾದಾಗ ರೀಪರ್‌ಗೆ ಹೋಗಿ. ಅದನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಲೈಸೆನ್ಸಿಗೆ 60 ಡಾಲರ್. ಕಳ್ಳ ಕಾಪಿ ಹಾಕಬೇಡಿ, ನನ್ನ ಲ್ಯಾಪ್‌ಟಾಪಿಗೆ ವೈರಸ್ ಬಂದಿದ್ದು ಹಾಗೆಯೇ.

ತೆರೆದ ಮೇಲೆ ಮೂರು ಕಡೆ ಕಣ್ಣಿಡಿ. ಟ್ರ್ಯಾಕ್ ಮೋನೋ ಇರಬೇಕು, ಅಂದರೆ ಎಡ ಬಲ ಅಂತ ಬೇರೆ ಮಾಡದ ಒಂದೇ ದನಿ. ಸ್ಟೀರಿಯೋದಲ್ಲಿ ಹಾಡಿ, ಎಡಗಿವಿಗೆ ಮಾತ್ರ ಕೇಳ್ತಿದೆ, ಮೈಕ್ ಕೆಟ್ಟಿದೆ ಅಂತ ವಾಪಸ್ ಕಳಿಸಿದವರನ್ನು ನಾನು ಬಲ್ಲೆ. 44,100 ಅಥವಾ 48,000 ಸ್ಯಾಂಪಲ್ ರೇಟು (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೀಬೇಕು ಅನ್ನೋದು), ವಿಡಿಯೋಕ್ಕಾದರೆ 48,000. ಬಿಟ್ ಡೆಪ್ತ್ (ಪ್ರತಿ ಅಳತೆ ಎಷ್ಟು ನಯ ಅನ್ನೋದು) 24, ಮೈಕ್ ಕೊಡೋದೇ 16 ಆದರೆ ಅದೂ ನಡೆಯುತ್ತೆ. ಇನ್ನು ಲೆವೆಲ್. ಇದನ್ನು ಹಲೋ ಹಲೋ ಅಂದು ನೋಡಬಾರದು. ನಿಮ್ಮ ಪದದಲ್ಲಿ ದನಿ ಎಲ್ಲಿ ಮುಗಿಲಿಗೇರುತ್ತೋ ಆ ಸಾಲನ್ನೇ ಹಾಡಿ, ಮೀಟರು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲೋ ಹಾಗೆ ಗೇನ್ (ಮೈಕಿನ ದನಿ ಎಷ್ಟು ಜೋರಾಗಿ ಒಳಗೆ ಬರಬೇಕು ಅನ್ನೋದು) ಹೊಂದಿಸಿ. ಮೇಳದ ಮೈಕ್‌ಸೆಟ್ಟಿನಲ್ಲಿ ಕೆಂಪು ದೀಪ ಹತ್ತಿದರೂ ನಡೆಯುತ್ತೆ. ಇಲ್ಲಿ ಸೊನ್ನೆ ದಾಟಿದ ದನಿ ಹರಿದುಹೋಗುತ್ತೆ, ಅದನ್ನು ಮೊದಲಿನಂತೆ ಹೊಲಿಯೋಕೆ ಆಗಲ್ಲ. ಸಣ್ಣಗೆ ಬಂದದ್ದನ್ನು ಆಮೇಲೆ ಏರಿಸಬಹುದು.

ಹಾಡುವಾಗ ನಿಮ್ಮ ದನಿ ನಿಮಗೇ ಒಂದು ಗಳಿಗೆ ತಡವಾಗಿ ಕೇಳಿದರೆ ಗಾಬರಿ ಬೇಡ. ಲ್ಯಾಪ್‌ಟಾಪ್ ದನಿಯನ್ನು ಕಂತುಗಳಲ್ಲಿ ತುಂಬ್ಕೊಳ್ಳುತ್ತೆ, ಆ ಕಂತಿನ ಹೆಸರು ಬಫರ್. 44,100ರಲ್ಲಿ 128ರ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್. ಒಂದು ಮೀಟರ್ ಆಚೆ ನಿಂತವರ ಮಾತು ಕಿವಿಗೆ ಬರೋಕೂ ಹೆಚ್ಚುಕಡಿಮೆ ಅಷ್ಟೇ ಬೇಕು. ಅದೇ 1024 ಇಟ್ಟರೆ 23 ಮಿಲಿಸೆಕೆಂಡ್, ಹೋಗುವಾಗ ಬರುವಾಗ ಸೇರಿ ಅದರ ಎರಡರಷ್ಟಕ್ಕಿಂತ ಹೆಚ್ಚು, ತಾಳ ತಪ್ಪೋಕೆ ಅಷ್ಟು ಸಾಕು. ಹಳೇ ಲ್ಯಾಪ್‌ಟಾಪಿನಲ್ಲಿ ಬಫರ್ ಇಳಿಸಿದರೆ ದನಿ ಪಟಪಟ ಒಡೆಯುತ್ತೆ. ಸುಲಭ ದಾರಿ ಅಂದರೆ ಹೆಡ್‌ಫೋನನ್ನು ಮೈಕಿನ ತೂತಿಗೇ ಸಿಕ್ಕಿಸೋದು. ನಾನು ಹೇಳಿದ ಎರಡು ಮೈಕಿನಲ್ಲೂ ಅದು ಇದೆ, ದನಿ ಲ್ಯಾಪ್‌ಟಾಪ್ ಸುತ್ತದೆ ನೇರ ಕಿವಿಗೆ ಬರುತ್ತೆ. ಆಗ ಸಾಫ್ಟ್‌ವೇರ್ ಒಳಗಿನ ಮಾನಿಟರಿಂಗ್ (ಹಾಡಿದ್ದನ್ನು ಆಗಲೇ ವಾಪಸ್ ಕೇಳಿಸೋದು) ಬಂದ್ ಮಾಡಿ, ಇಲ್ಲಾಂದ್ರೆ ಒಂದೇ ದನಿ ಎರಡೆರಡು ಸಲ ಕೇಳುತ್ತೆ.

ತತ್ವಪದ ಅಂದಿರಲ್ಲ, ನಿಮಗೆ ಇನ್ನೊಂದು ತೊಡಕು ಎದುರಾಗುತ್ತೆ. ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತು ಹಾಡಿ ರೂಢಿ ಇದ್ದವರನ್ನು ಒಬ್ಬರನ್ನೇ ಗಾದಿ ನಡುವೆ ನಿಲ್ಲಿಸಿದರೆ ಪದ ಸತ್ತುಹೋಗುತ್ತೆ. ನಮ್ಮ ಓಣಿಯ ಹಿರಿಯರೊಬ್ಬರು ಎರಡು ಸಾಲು ಹಾಡಿ, “ಯಾರಿಗಂತ ಹಾಡ್ಲಿ ತಮ್ಮಾ, ಎದುರಿಗೆ ಒಂದ್ ಮಾರಿ ಇಲ್ಲ” ಅಂತ ಹಾಡು ನಿಲ್ಲಿಸಿದರು. ಅವತ್ತಿನಿಂದ ಹೀಗೆ ಮಾಡ್ತೀನಿ: ಮೊದಲು ಎಲ್ಲರೂ ಕೂಡಿ ಹಾಡಿದ್ದನ್ನು ಫೋನಿನಲ್ಲೋ ಮೈಕಿನಲ್ಲೋ ಒಂದು ಸಲ ತಗೊಳ್ಳೋದು, ಅದು ದಾರಿ ತೋರಿಸೋಕೆ ಮಾತ್ರ. ಆಮೇಲೆ ಅದನ್ನು ಕಿವಿಯಲ್ಲಿ ಕೇಳ್ತಾ ಮುಖ್ಯ ಹಾಡುಗಾರರು ಒಬ್ಬರೇ ಹಾಡೋದು. ಎದುರಿಗೆ ಒಬ್ಬರು ಕೂತು ತಲೆ ತೂಗಬೇಕು, ಸದ್ದು ಮಾಡದೆ. ಆ ಕೆಲಸ ನಮ್ಮನೆಯಲ್ಲಿ ಅವ್ವನದು. ಶುರುವಿನಿಂದ ಕೊನೆವರೆಗೆ ಮೂರು ಸಲ ಹಾಡಿಸಿ, ಚೆಂದ ಬಂದ ಸಾಲುಗಳನ್ನು ಆರಿಸಿ ಕೂಡಿಸಿ. ನಾಲ್ಕನೆಯ ಸಲಕ್ಕೆ ನಮ್ಮವರ ದನಿ ದಣಿದಿರುತ್ತೆ. ಪ್ರತಿ ಸಲವೂ ಹಾಡೋ ಮೊದಲು ಐದು ಸೆಕೆಂಡ್ ಸುಮ್ಮನೆ ನಿಂತಿರಿ, ಆ ಮೌನ ಆಮೇಲೆ ಕೋಣೆಯ ಸದ್ದನ್ನು ಸ್ವಲ್ಪವೇ ಸ್ವಲ್ಪ ಇಳಿಸೋಕೆ ಮಾದರಿಯಾಗುತ್ತೆ.

ಮುಗಿದಮೇಲೆ ಮಾಡೋ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೇದು. 80 ಹರ್ಟ್ಸಿಗಿಂತ ಕೆಳಗಿನ ಬುಡದ ಗುಡುಗನ್ನು ಹೈಪಾಸ್ ಫಿಲ್ಟರ್‌ನಿಂದ ಕತ್ತರಿಸಿ, ಹೆಣ್ಣುಮಕ್ಕಳ ದನಿಗೆ 100. ಕಂಪ್ರೆಸರ್ (ಜೋರು ದನಿಯನ್ನು ತಗ್ಗಿಸೋದು) 3ಕ್ಕೆ 1, ಎತ್ತರದ ಸಾಲಿನಲ್ಲಿ ಮೂರು ನಾಲ್ಕು ಡೆಸಿಬೆಲ್ ಇಳಿದರೆ ಸಾಕು. ಸ, ಶ ಚುಚ್ಚಿದರೆ 5ರಿಂದ 8 ಸಾವಿರ ಹರ್ಟ್ಸ್ ನಡುವೆ ಡಿಎಸ್ಸರ್ (ಆ ಚುಚ್ಚು ತಗ್ಗಿಸೋದು) ಹಾಕಿ. ರಿವರ್ಬ್ (ಸಾಫ್ಟ್‌ವೇರ್ ಕೂಡಿಸುವ ಗುಂಯ್) ಚಿಟಿಕೆ ಉಪ್ಪಿನಷ್ಟು. ಪಿಚ್ ಕರೆಕ್ಷನ್ ಮುಟ್ಟಲೇಬೇಡಿ ಅಂತೀನಿ. ಅದು ಒಂದೊಂದು ಸ್ವರವನ್ನೂ ಎಳೆದು ಹತ್ತಿರದ ಮನೆಗೆ ಕೂರಿಸುತ್ತೆ. ನಮ್ಮ ಪದದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ದಾರಿಯಲ್ಲೇ ಅಳುವೂ ಇದೆ, ನಗುವೂ ಇದೆ. ಉಸಿರನ್ನೂ ಪೂರ್ತಿ ಅಳಿಸಬೇಡಿ. ಜೋರು ಮಾಡೋ ಚಟವೂ ಬೇಡ, ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಇಡೀ ಹಾಡಿನ ಜೋರಿನ ಅಳತೆ) ಜೋರಿದ್ದರೆ ಯೂಟ್ಯೂಬ್ ತಾನೇ ಇಳಿಸುತ್ತೆ. ಮೂಲ ಡಬ್ಲ್ಯೂಎವಿ ಫೈಲನ್ನು (ದನಿಯನ್ನು ಹಿಂಡದೆ ಇದ್ದಂತೆ ಇಡುವ ಫೈಲು) ಎರಡು ಕಡೆ ಇಡಿ. ಒಂದೇ ಪೆನ್‌ಡ್ರೈವ್ ನಂಬಿ ಅವ್ವನ ಹನ್ನೊಂದು ಪದ ಕಳ್ಕೊಂಡೆ. ಆರನ್ನು ಮತ್ತೆ ಹಾಡಿದಳು, ಉಳಿದ ಐದರ ಸಾಲು ಅವಳಿಗೇ ಮರೆತಿತ್ತು.

ಮೈಕ್ ಆರ್ಡರ್ ಮಾಡೋ ಮೊದಲು ಒಂದು ಕೆಲಸ ಮಾಡಿ. ಗಾದಿ, ಕೌದಿ ಕಟ್ಟುವ ಮುಂಚೆ ಒಂದು ಸಲ, ಕಟ್ಟಿದ ಮೇಲೆ ಒಂದು ಸಲ, ಒಂದೇ ಜಾಗದಲ್ಲಿ ನಿಂತು ಫೋನಿನಲ್ಲಿ ಚಪ್ಪಾಳೆ ರೆಕಾರ್ಡ್ ಮಾಡಿ ಇಲ್ಲಿ ಹಾಕಿ. ಕೇಳಿ ಹೇಳ್ತೀನಿ, ಇನ್ನೂ ಎಷ್ಟು ಗಾದಿ ಬೇಕು ಅಂತ.