ಟೊರೆಂಟ್‌ಗೆ ಸರ್ವರ್ರೇ ಇಲ್ಲ ಅಂದ್ರೆ ಫೈಲ್ ಬರೋದು ಎಲ್ಲಿಂದ, ಚಾಟ್ ಆಪ್‌ಗಳೂ ಹಂಗೇನಾ?

ನೀವು ಕೇಳಿರೋದು ಮೂರು ವಿಷಯ: ಟೊರೆಂಟ್‌ಗೆ ಸರ್ವರ್ ಇಲ್ಲ ಅಂತಾರಲ್ಲ ಹಂಗಾದ್ರೆ ಫೈಲ್ ಎಲ್ಲಿಂದ ಬರುತ್ತೆ, ವಾಟ್ಸಾಪ್ ಮೆಸೇಜ್ ಕೂಡ ನಿಮ್ಮ ಫೋನಿಂದ ಸೀದಾ ಫ್ರೆಂಡ್ ಫೋನಿಗೇ ಹೋಗುತ್ತಾ, ಮತ್ತೆ ನಿಮ್ಮ ಡೌನ್‌ಲೋಡ್ ಎರಡು ದಿನದಿಂದ 99%ಗೆ ಯಾಕೆ ನಿಂತಿದೆ ಅಂತ. ಮೂರಕ್ಕೂ ಬೇರು ಒಂದೇ, ಅದನ್ನ ಹಿಡ್ಕೊಂಡ್ರೆ ಉಳಿದಿದ್ದು ತಾನಾಗೇ ಬಿಡಿಸ್ಕೊಳ್ಳುತ್ತೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ನಂಗೆ ಇದು ತಲೆಗೆ ಹತ್ತಿದ್ದು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ. ಆಗ ಹೊರಗಿನ ಇಂಟರ್ನೆಟ್ ತುಂಬಾ ಸ್ಲೋ, ಆದ್ರೆ ರೂಮಿಂದ ರೂಮಿಗೆ ಎಳೆದಿದ್ದ ಲ್ಯಾನ್ ಮಾತ್ರ 100 ಎಂಬಿಪಿಎಸ್, ಅದರ ಮೇಲೆ ಎಲ್ಲರೂ ಡಿಸಿ++ ಅನ್ನೋ ಫೈಲ್ ಹಂಚ್ಕೊಳ್ಳೋ ಪ್ರೋಗ್ರಾಮ್ ಹಾಕ್ಕೊಂಡಿದ್ವಿ. ಅದನ್ನ ತೆಗೆದ್ರೆ ಎಡಗಡೆ ದೊಡ್ಡ ಜಾಗದಲ್ಲಿ ಚಾಟ್ ಓಡ್ತಿರೋದು, "ಎಂ3 ನೋಟ್ಸ್ ಯಾರ ಹತ್ರ ಇದೆ ಹೇಳ್ರೋ" ಅಂತ ಒಬ್ಬ, ಮೆಸ್ಸಲ್ಲಿ ಇವತ್ತು ಏನು ಅಂತ ಇನ್ನೊಬ್ಬ, ಬಲಗಡೆ ಆನ್‌ಲೈನ್ ಇರೋರ ಪಟ್ಟಿ, ಪ್ರತಿ ಹೆಸರಿನ ಪಕ್ಕ ಅವನು ಎಷ್ಟು ಜಿಬಿ ಶೇರ್ ಮಾಡಿದಾನೆ ಅನ್ನೋದು. ಒಂದ್ಸಲ ಮೇಲಿನ ಫ್ಲೋರ್ ಹುಡುಗನೊಬ್ಬನ ಹತ್ರ ಲಿನಕ್ಸ್ ಡಿವಿಡಿ ಇಮೇಜ್ ಎಳ್ಕೊಳ್ತಿದ್ದೆ, ಸೆಕೆಂಡಿಗೆ 10 ಎಂಬಿ ಬರ್ತಿತ್ತು, ಅರ್ಧ ಆಗಿರಬೇಕಾದ್ರೆ ಹಬ್, ಅಂದ್ರೆ ನಮ್ಮನ್ನೆಲ್ಲ ಸೇರಿಸ್ತಿದ್ದ ಮಧ್ಯದ ಸರ್ವರ್, ಓಡಿಸ್ತಿದ್ದ ಸೀನಿಯರ್ ಕಂಪ್ಯೂಟರ್ ಆಫ್ ಆಯ್ತು. ಚಾಟ್ ಟಕ್ ಅಂತ ನಿಂತೋಯ್ತು, ಬಲಗಡೆ ಪಟ್ಟಿ ಪೂರ್ತಿ ಖಾಲಿ. ಆದ್ರೆ ಕೆಳಗಡೆ ನನ್ನ ಡೌನ್‌ಲೋಡ್ ಬಾರ್ ಅದೇ ಸ್ಪೀಡಲ್ಲಿ ಮುಂದೆ ಹೋಗ್ತಾನೇ ಇತ್ತು, ಫೈಲ್ ಪೂರ್ತಿ ಬರೋವರೆಗೂ ನಾನು ಅದನ್ನೇ ನೋಡ್ತಾ ಕೂತಿದ್ದೆ.

ಅವತ್ತು ಗೊತ್ತಾಗಿದ್ದು ಇಲ್ಲಿ ಕೆಲಸ ಎರಡು ಇದೆ ಅಂತ. ಯಾರ ಹತ್ರ ಏನಿದೆ ಅಂತ ತೋರಿಸಿ ಪರಿಚಯ ಮಾಡಿಸೋದು ಒಂದು, ಸಾಮಾನು ಸಾಗಿಸೋದು ಇನ್ನೊಂದು. ಬಾಡಿಗೆ ಮನೆ ಬ್ರೋಕರ್ ಥರ ಅಂದ್ಕೊಳ್ಳಿ, ಮನೆ ತೋರಿಸಿ ಓನರ್ ಹತ್ರ ಮಾತಾಡಿಸೋವರೆಗೆ ಅವನು ಬೇಕು, ಆಮೇಲೆ ಅವನ ಫೋನ್ ಸ್ವಿಚ್ ಆಫ್ ಆದ್ರೂ ನೀವು ಆ ಮನೇಲೇ ಇರ್ತೀರ. ಡಿಸಿ++ನಲ್ಲಿ ಚಾಟ್ ಹಬ್ ಮೂಲಕ ಹೋಗ್ತಿತ್ತು, ಹಬ್ ಹೋದ ತಕ್ಷಣ ಅದೂ ಹೋಯ್ತು, ಫೈಲ್ ಅವನ ಮಷೀನಿಂದ ನನ್ನದಕ್ಕೆ ನೇರ ಬರ್ತಿತ್ತು, ಅದು ಉಳ್ಕೊಳ್ತು. ಯಾವ ಪ್ರೋಗ್ರಾಮ್ ಸಿಕ್ಕಿದ್ರೂ ಪರಿಚಯ ಮಾಡಿಸೋರು ಯಾರು, ಹೊರೋರು ಯಾರು ಅಂತ ಕೇಳ್ಕೊಳ್ಳಿ.

1999ರಲ್ಲಿ ಬಂದ ನ್ಯಾಪ್‌ಸ್ಟರ್‌ನಲ್ಲಿ ಹಾಡು ಜನರ ಕಂಪ್ಯೂಟರ್‌ನಲ್ಲೇ ಇತ್ತು, ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿ, ಕೋರ್ಟ್ ಆರ್ಡರ್ ಆಗಿ 2001ರಲ್ಲಿ ಆ ಸರ್ವರ್ ನಿಲ್ಲಿಸಿದ್ರು, ಅಲ್ಲಿಗೆ ಎಲ್ಲಾ ಮುಗೀತು. 2000ದಲ್ಲಿ ಬಂದ ನುಟೆಲ್ಲಾದಲ್ಲಿ ಪಟ್ಟಿ ಇಟ್ಕೊಳ್ಳೋರೇ ಇಲ್ಲ, ನೀವು ಅಕ್ಕಪಕ್ಕದವರನ್ನ ಕೇಳೋದು, ಅವರು ಅವರ ಅಕ್ಕಪಕ್ಕದವರನ್ನ ಕೇಳೋದು, ಜನ ಜಾಸ್ತಿ ಆದಂಗೆಲ್ಲ ಬರೀ ಈ ವಿಚಾರಣೆಯಿಂದಾನೇ ಲೈನ್ ತುಂಬೋಗ್ತಿತ್ತು.

ಈಗ ನಿಮ್ಮ ಟೊರೆಂಟ್. ಬ್ರಾಮ್ ಕೊಹೆನ್ ಅನ್ನೋರು 2001ರಲ್ಲಿ ಬಿಟ್‌ಟೊರೆಂಟ್ ಬಿಟ್ರು, ಇದರ ಜಾಣತನ ನಂಗೆ ಇವತ್ತಿಗೂ ಖುಷಿ ಕೊಡುತ್ತೆ. ನೀವು ಮೊದಲು ಇಳಿಸ್ಕೊಳ್ಳೋ ಆ ಚಿಕ್ಕ ಟೊರೆಂಟ್ ಫೈಲಲ್ಲಿ ಸಿನಿಮಾನೂ ಇಲ್ಲ ಸಾಫ್ಟ್‌ವೇರೂ ಇಲ್ಲ, ಇರೋದು ಟ್ರ್ಯಾಕರ್ ಅನ್ನೋ ಸರ್ವರ್ ವಿಳಾಸ, ಮತ್ತೆ ದೊಡ್ಡ ಫೈಲ್‌ನ ತುಂಡು ಮಾಡಿ ಪ್ರತಿ ತುಂಡಿಗೆ ತೆಗೆದಿರೋ 20 ಬೈಟ್ ಹ್ಯಾಶ್, ಬೆರಳಚ್ಚು ಇದ್ದಂಗೆ. 4 ಜಿಬಿ ಫೈಲ್‌ನ 256 ಕೆಬಿ ತುಂಡು ಮಾಡಿದ್ರೆ 16,384 ತುಂಡು ಆಗುತ್ತೆ, ಅಷ್ಟೂ ಬೆರಳಚ್ಚು ಸೇರಿ ಬರೀ 320 ಕೆಬಿ. ಟ್ರ್ಯಾಕರ್ ಬ್ರೋಕರ್ ಕೆಲಸ ಅಷ್ಟೇ ಮಾಡುತ್ತೆ, ಈ ಫೈಲ್ ಬೇಕು ಅಂತ ಯಾರ್ಯಾರು ಬಂದಿದಾರೆ ಅವರ ಐಪಿ, ಅಂದ್ರೆ ಇಂಟರ್ನೆಟ್ ವಿಳಾಸಗಳ ಪಟ್ಟಿ ಕೊಡುತ್ತೆ. ಮುಂದಿನದು ನಿಮ್ಮನಿಮ್ಮೊಳಗೆ, ಗೊತ್ತಿಲ್ಲದೋರು ತುಂಡು ಕಳಿಸ್ತಾರೆ, ನಿಮ್ಮ ಪ್ರೋಗ್ರಾಮ್ ಅದರ ಬೆರಳಚ್ಚು ತಾಳೆ ನೋಡುತ್ತೆ, ಒಂದು ಬಿಟ್ ಹೆಚ್ಚುಕಮ್ಮಿ ಆದ್ರೂ ಬಿಸಾಕಿ ಮತ್ತೆ ಕೇಳುತ್ತೆ. ಮುಖ ನೋಡಿಲ್ಲದ, ನಂಬೋ ಅಗತ್ಯಾನೂ ಇಲ್ಲದ ಸಾವಿರಾರು ಜನ ಸೇರಿ ಒಂದು ಫೈಲ್‌ನ ಚಾಚೂ ತಪ್ಪದೆ ಜೋಡಿಸ್ತಾರೆ.

ತುಂಡು ಸಾಲಾಗಿ ಬರಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ಒಂದು ನೋಟ್ಸ್‌ನ ಹತ್ತು ಜನ ಹಂಚ್ಕೊಂಡು ಜೆರಾಕ್ಸ್ ಮಾಡಿಸಿದ್ದೀರಾ? ಯಾವ ಹಾಳೆ ಒಬ್ಬನ ಹತ್ರ ಮಾತ್ರ ಇದೆಯೋ ಅದನ್ನ ಮೊದಲು ಜೆರಾಕ್ಸ್ ಮಾಡಿಸ್ಬೇಕು, ಅವನು ಎದ್ದು ಊರಿಗೆ ಹೋದ್ರೆ ಎಲ್ಲರದ್ದೂ ಅಪೂರ್ಣ. ಬಿಟ್‌ಟೊರೆಂಟೂ ಅಷ್ಟೇ, ಅತಿ ಅಪರೂಪದ ತುಂಡು ಮೊದಲು. ಇನ್ನು ಬರೀ ಇಸ್ಕೊಂಡು ಕೊಡದೇ ಇರೋರಿಗೆ ಹೆಚ್ಚು ಸಿಗಲ್ಲ, ಪ್ರತಿ 10 ಸೆಕೆಂಡಿಗೆ ನಿಮ್ಮ ಪ್ರೋಗ್ರಾಮ್ ನನಗೆ ಜಾಸ್ತಿ ಕೊಡ್ತಿರೋರು ಯಾರು ಅಂತ ಲೆಕ್ಕ ಹಾಕಿ ಅವರಿಗೇ ಕಳಿಸುತ್ತೆ, ಹೊಸಬರು ಪಾಪ ಕೊಡೋಕೇನೂ ಇಲ್ಲದೆ ಬಂದಿರ್ತಾರಲ್ಲ, ಅವರಿಗೋಸ್ಕರ 30 ಸೆಕೆಂಡಿಗೊಮ್ಮೆ ಯಾರೋ ಒಬ್ಬರನ್ನ ಸುಮ್ನೆ ಆರಿಸಿ ಅವಕಾಶ ಕೊಡುತ್ತೆ. ಟೊರೆಂಟ್ ಫೈಲ್ ಬದಲು ಮ್ಯಾಗ್ನೆಟ್ ಲಿಂಕ್ ಹಾಕಿದ್ರೆ ಟ್ರ್ಯಾಕರ್ರೂ ಬೇಕಿಲ್ಲ, ಡಿಎಚ್‌ಟಿ ಅಂತ ಇದೆ, ಟೆಲಿಫೋನ್ ಡೈರೆಕ್ಟರಿನ ಹರಿದು ಊರವರಿಗೆಲ್ಲ ಒಂದೊಂದು ಹಾಳೆ ಹಂಚಿದಂಗೆ, ಆದ್ರೂ ಮೊದಲ ಸಲ ಒಳಗೆ ಬರೋಕೆ ಗೊತ್ತಿರೋ ಒಂದು ವಿಳಾಸ ಬೇಕೇ ಬೇಕು. ಹಾಗಾಗಿ "ಸರ್ವರ್ರೇ ಇಲ್ಲ" ಅನ್ನೋದು ಪೂರ್ತಿ ನಿಜ ಅಲ್ಲ, ಫೈಲ್ ಇಟ್ಕೊಂಡಿರೋ ಸರ್ವರ್ ಇಲ್ಲ ಅಷ್ಟೇ. ಒಂದು ಎಚ್ಚರಿಕೆ, ಪಟ್ಟಿಯಲ್ಲಿ ನಿಮ್ಮ ಐಪಿನೂ ಎಲ್ಲರಿಗೂ ಕಾಣುತ್ತೆ, ಇಳಿಸ್ಕೊಳ್ತಾ ನೀವು ಹಂಚ್ತಾನೂ ಇರ್ತೀರ, ಕಾಪಿರೈಟ್ ಇರೋ ಸಿನಿಮಾ ಆದ್ರೆ ಆ ಹಂಚೋದೇ ತಪ್ಪು. ಕಲಿಯೋಕೆ ಉಬುಂಟು ಅಥವಾ ಡೆಬಿಯನ್ ಟೊರೆಂಟ್ ಹಾಕಿ, ಕಾನೂನು ಪ್ರಕಾರಾನೇ ಸಿಗುತ್ತೆ, ಪೀರ್ಸ್ ಟ್ಯಾಬ್ ತೆಗೆದು ಕೂತ್ಕೊಳ್ಳಿ, ಯಾವ್ಯಾವ ದೇಶದಿಂದ ತುಂಡು ಬರ್ತಿದೆ ಅಂತ ಕಣ್ಣೆದುರೇ ಕಾಣುತ್ತೆ.

ಚಾಟ್ ಕಥೆ ಬೇರೆ. 1988ರಲ್ಲಿ ಫಿನ್‌ಲೆಂಡಿನ ಔಲು ಯೂನಿವರ್ಸಿಟಿಯಲ್ಲಿ ಯಾರ್ಕೊ ಓಯಿಕರಿನೆನ್ ಅನ್ನೋರು ಐಆರ್‌ಸಿ ಅನ್ನೋ ಚಾಟ್ ವ್ಯವಸ್ಥೆ ಬರೆದ್ರು, ಅದರಲ್ಲಿ ನೀವು ಟೈಪ್ ಮಾಡಿದ್ದು ಸರ್ವರ್‌ಗೆ ಹೋಗುತ್ತೆ, ಸರ್ವರ್ ಆ ಚಾನೆಲ್‌ನಲ್ಲಿ ಇರೋರಿಗೆಲ್ಲ ಹಂಚುತ್ತೆ. ಟೆಲ್ನೆಟ್ ಅನ್ನೋ ಬರೀ ಅಕ್ಷರ ಕಳಿಸೋ ಪ್ರೋಗ್ರಾಮಲ್ಲಿ ಸರ್ವರ್‌ನ 6667 ಪೋರ್ಟ್‌ಗೆ ಕನೆಕ್ಟ್ ಆಗಿ ಕೈಯಾರೆ ನಿಕ್, ಯೂಸರ್, ಜಾಯಿನ್ ಅಂತ ಒಂದೊಂದೇ ಸಾಲು ಟೈಪ್ ಮಾಡಿ ನಾನು ಒಳಗೆ ಹೋಗಿದ್ದೀನಿ, ಸ್ವಲ್ಪ ಹೊತ್ತಿಗೆ ಸರ್ವರ್ ಪಿಂಗ್ ಅಂತ ಕೂಗುತ್ತೆ, ನೀವು ಪಾಂಗ್ ಅಂತ ಓಗೊಡಬೇಕು, ಕೊಡದಿದ್ರೆ ಆಸಾಮಿ ಇಲ್ಲ ಅಂತ ಹೊರಗೆ ಹಾಕುತ್ತೆ. ಅದರಲ್ಲೂ ಒಬ್ಬರಿಗೊಬ್ಬರು ಫೈಲ್ ಕಳಿಸ್ಬೇಕಾದ್ರೆ ಡಿಸಿಸಿ ಅಂತ ಇತ್ತು, ವಿಳಾಸ ಹೇಳೋವರೆಗೆ ಸರ್ವರ್, ಆಮೇಲೆ ನೇರ.

ವಾಟ್ಸಾಪ್ ಮೆಸೇಜೂ ಸರ್ವರ್ ಮೂಲಕಾನೇ. ಒಂದು ಟಿಕ್ ಅಂದ್ರೆ ನಿಮ್ಮ ಫೋನಿಂದ ಹೊರಟಿದೆ, ಎರಡು ಅಂದ್ರೆ ಅವರ ಫೋನಿಗೆ ಮುಟ್ಟಿದೆ. ಅವರ ಫೋನ್ ಆಫ್ ಇದ್ರೆ 30 ದಿನದವರೆಗೆ ಸರ್ವರ್‌ನಲ್ಲಿ ಕಾಯುತ್ತೆ, ನೇರ ಹೋಗೋದಾದ್ರೆ ಇಬ್ಬರೂ ಒಂದೇ ಹೊತ್ತಲ್ಲಿ ಆನ್‌ಲೈನ್ ಇರಬೇಕಾಗಿತ್ತು, ನಮ್ಮೂರ ಕರೆಂಟು ನೆಟ್‌ವರ್ಕಲ್ಲಿ ಅದು ಆಗೋ ಮಾತಲ್ಲ. ಸರ್ವರ್ ಹೊತ್ಕೊಂಡು ಹೋದ್ರೂ ಓದೋಕಾಗಲ್ಲ, ಬೀಗ ಹಾಕೋದು ನಿಮ್ಮ ಫೋನಲ್ಲಿ, ತೆಗೆಯೋದು ಅವರ ಫೋನಲ್ಲಿ. ಆದ್ರೆ ಇಬ್ಬರೇ ಮಾತಾಡೋ ಕಾಲ್ ಸಾಧ್ಯ ಆದ್ರೆ ನೇರಾನೇ ಹೋಗುತ್ತೆ, ಅದಕ್ಕೇ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಮಾಡುವಾಗ ಐಪಿ ಅಡ್ರೆಸ್ ಮುಚ್ಚಿಡೋ ಆಯ್ಕೆ ಕೊಟ್ಟಿರೋದು.

ಸಾಧ್ಯ ಆದ್ರೆ ಅಂದೆ, ಯಾಕಂದ್ರೆ ನೇರ ದಾರಿ ಸಿಗೋದೇ ಕಷ್ಟ. ನಿಮ್ಮ ಫೋನು ಲ್ಯಾಪ್‌ಟಾಪು ರೌಟರ್ ಹಿಂದೆ ಇರುತ್ತೆ, ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯುರಿಟಿ ಇದ್ದಂಗೆ, ಒಳಗಿಂದ ನೀವು ಕರೆಸಿದ್ರೆ ಬಿಡ್ತಾನೆ, ಹೊರಗಿಂದ ತಾನಾಗೇ ಬಂದೋರನ್ನ ವಾಪಸ್ ಕಳಿಸ್ತಾನೆ. ಮೊಬೈಲ್ ಡೇಟಾದಲ್ಲಿ ಇನ್ನೂ ಬಿಗಿ, ಎಷ್ಟೋ ಜನಕ್ಕೆ ಸೇರಿ ಹೊರಗೆ ಕಾಣೋದು ಒಂದೇ ಐಪಿ.

ಈಗ ನಿಮ್ಮ 99%. ಕ್ಯೂಬಿಟ್‌ಟೊರೆಂಟ್ ಅನ್ನೋ ಟೊರೆಂಟ್ ಪ್ರೋಗ್ರಾಮಲ್ಲಿ ಅವೈಲಬಿಲಿಟಿ ಅಂತ ಒಂದು ಅಂಕಿ ಇರುತ್ತೆ ನೋಡಿ. 1ಕ್ಕಿಂತ ಕಮ್ಮಿ, ಉದಾಹರಣೆಗೆ 0.99 ಇದ್ರೆ, ನಿಮಗೆ ಬೇಕಾಗಿರೋ ಆ ಕೊನೇ ತುಂಡುಗಳು ಈಗ ನಿಮಗೆ ಕನೆಕ್ಟ್ ಆಗಿರೋ ಯಾರ ಹತ್ರಾನೂ ಇಲ್ಲ, ಎಲ್ಲರೂ 99%ನಲ್ಲೇ ಕಾಯ್ತಾ ಕೂತಿದಾರೆ, ಜೆರಾಕ್ಸ್ ಆಗೋ ಮುಂಚೆನೇ ಊರಿಗೆ ಹೋದವನು ಮತ್ತೆ ಆನ್‌ಲೈನ್ ಬರಬೇಕು. ಡಿಲೀಟ್ ಮಾಡ್ಬೇಡಿ, ಓಡ್ತಾ ಇರ್ಲಿ, ಅವನ ದೇಶದಲ್ಲಿ ಹಗಲಾದಾಗ ಬಂದ್ರೂ ಬಂದ. ಅಂಕಿ 1ಕ್ಕಿಂತ ಜಾಸ್ತಿ ಇದ್ದೂ ನಿಂತಿದ್ರೆ ಒಂದ್ಸಲ ಫೋರ್ಸ್ ರೀಚೆಕ್ ಕೊಡಿ. ಸೀಡ್, ಅಂದ್ರೆ ಫೈಲ್ ಪೂರ್ತಿ ಇರೋರು, ಇದೆ ಅಂತ ತೋರಿಸಿಯೂ ಕನೆಕ್ಟ್ ಆಗ್ತಿಲ್ಲ ಅಂದ್ರೆ ಇಬ್ಬರೂ ಸೆಕ್ಯುರಿಟಿ ಹಿಂದೆ ಸಿಕ್ಕಾಕ್ಕೊಂಡಿರಬಹುದು, ಮೊಬೈಲ್ ಹಾಟ್‌ಸ್ಪಾಟ್ ಬಿಟ್ಟು ಬ್ರಾಡ್‌ಬ್ಯಾಂಡ್‌ಗೆ ಹಾಕಿ, ರೌಟರ್‌ನಲ್ಲಿ ಯುಪಿಎನ್‌ಪಿ (ಪ್ರೋಗ್ರಾಮ್ ತಾನೇ ಗೇಟ್ ತೆಗೆಸ್ಕೊಳ್ಳೋ ಸೌಲಭ್ಯ) ಆನ್ ಮಾಡಿ ಅದೇ ಟೊರೆಂಟ್ ಮುಂದುವರಿಸಿ, ಬಂದಿರೋ ತುಂಡು ಯಾವುದೂ ಹೋಗಲ್ಲ.