ಕಣ್ಣು ಮುಚ್ಚಿದರೆ ಸಿಟ್ಟಿನ ಮುಖವೇ ಕಾಣುತ್ತದೆ

ಪ್ರಶ್ನೆ: ನನಗೆ 34 ವರ್ಷ. ಚಿಕ್ಕಂದಿನಿಂದ ಚರ್ಚಿನ ಸಭೆಗೆ ಹೋಗುತ್ತಿದ್ದೇನೆ. ಆದರೆ ಪ್ರಾರ್ಥನೆಗೆ ಕೂತರೆ ದೇವರು ತಪ್ಪು ಹುಡುಕುತ್ತಾ ಎದುರಿಗೇ ನಿಂತಂತೆ ಅನಿಸುತ್ತದೆ. ಮಾರ್ಕ್ಸ್ ಕಾರ್ಡ್ ನೋಡುವಾಗ ಅಪ್ಪ ಹಾಗೇ ನಿಲ್ಲುತ್ತಿದ್ದರು. ಕ್ಷಮೆ ಕೇಳಿ ಎದ್ದುಬಿಡುತ್ತೇನೆ. ಮಗುವಿಗೆ ಜ್ವರ ಬಂದರೂ ನನಗೆ ಶಿಕ್ಷೆ ಎನಿಸುತ್ತದೆ. ಗೆಳತಿ ದೇವರ ಪ್ರೀತಿಯ ಬಗ್ಗೆ ಮಾತಾಡಿದರೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ನಂಬಿಕೆಯೇ ಸುಳ್ಳಾ?

ಉತ್ತರ: ಪ್ರಿಯ ಸಹೋದರಿ, ಖಂಡಿತ ಸುಳ್ಳಲ್ಲ. ಇಷ್ಟೊಂದು ಹೆದರಿಕೆ ಇದ್ದರೂ ಪ್ರಾರ್ಥನೆ ಬಿಟ್ಟಿಲ್ಲ, ಅಲ್ವಾ?

ಬೈಬಲಿನ ಮತ್ತಾಯ 25ರಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ಯಜಮಾನ ಮೂವರು ಆಳುಗಳಿಗೆ ತಲಾಂತು, ಅಂದರೆ ದೊಡ್ಡ ಮೊತ್ತದ ಹಣ, ಒಪ್ಪಿಸಿ ಹೋಗುತ್ತಾನೆ. ಒಂದೇ ತಲಾಂತು ಪಡೆದ ಆಳು ಅದನ್ನು ನೆಲದಲ್ಲಿ ಹೂತಿಟ್ಟ. ಯಾಕೆಂದು ಅವನೇ ಹೇಳುತ್ತಾನೆ: ನೀನು ಕಠಿಣ ಮನುಷ್ಯನೆಂದು ತಿಳಿದು ಹೆದರಿದೆ. ಮಿಕ್ಕ ಇಬ್ಬರಿಗೂ ಅದೇ ಯಜಮಾನ, ಆದರೆ ಅವರ ಕೈ ಕಟ್ಟಿಹೋಗಲಿಲ್ಲ. ಮನಸ್ಸಿನಲ್ಲಿ ಕೂತ ಚಿತ್ರ ಅಷ್ಟು ಕೆಲಸ ಮಾಡುತ್ತದೆ. ನಿಮ್ಮ ಪ್ರಾರ್ಥನೆ ಕ್ಷಮೆಯ ಆಚೆ ಹೋಗದಿರುವುದಕ್ಕೂ ಅದೇ ಕಾರಣ.

ಒಂದು ಕೆಲಸ ಮಾಡಿ. ಲೂಕ 22:60-61 ಓದಿ. ಯೇಸುವನ್ನು ಬಂಧಿಸಿದ ರಾತ್ರಿ ಶಿಷ್ಯ ಪೇತ್ರ ಮೂರನೇ ಸಲವೂ ತನಗೂ ಆತನಿಗೂ ಸಂಬಂಧವಿಲ್ಲ ಎನ್ನುತ್ತಾನೆ, ಕೋಳಿ ಕೂಗುತ್ತದೆ, ಯೇಸು ತಿರುಗಿ ಅವನನ್ನು ನೋಡುತ್ತಾನೆ. ಆ ನೋಟದಲ್ಲಿ ಏನಿತ್ತು? ಲೂಕ ಬರೆದಿಲ್ಲ. ನಿಮಗೆ ಅಲ್ಲಿ ಗಂಟಿಕ್ಕಿದ ಹುಬ್ಬು ಕಂಡರೆ ಅದನ್ನು ತಂದಿಟ್ಟವರು ನೀವೇ. ಈಗ ಯೋಹಾನ 21ಕ್ಕೆ ಬನ್ನಿ. ಪೇತ್ರ ‘ನಾನಲ್ಲ’ ಎಂದಿದ್ದು ಇದ್ದಲಿನ ಬೆಂಕಿಯ ಪಕ್ಕ ಚಳಿ ಕಾಯಿಸುತ್ತಾ. ಇಲ್ಲೂ ಇದ್ದಲಿನ ಬೆಂಕಿಯೇ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಸತ್ತು ಮತ್ತೆ ಜೀವಂತವಾಗಿ ಎದ್ದು ಬಂದ ಯೇಸು ‘ಬಂದು ಊಟಮಾಡಿರಿ’ ಅನ್ನುತ್ತಾನೆ. ಊಟ ಮುಗಿದ ಮೇಲೆ ಕೇಳುವುದು ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು. ಯಾಕೆ ಹಾಗೆ ಮಾಡಿದೆ ಎಂಬ ವಿಚಾರಣೆಯೇ ಇಲ್ಲ. ‘ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ’ ಎಂದವನು ಈತನೇ. ಹಾಗಾದರೆ ತಂದೆಯ ಮುಖ ಹೇಗಿರಬಹುದೆಂದು ಇಲ್ಲಿಂದಲೇ ಶುರುಮಾಡಿ.

ಹಾಗಂತ ಏನು ಮಾಡಿದರೂ ಸರಿ ಅನ್ನುವ ದೇವರನ್ನು ಕಟ್ಟಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಪೇತ್ರನಿಗೆ ಆ ಪ್ರಶ್ನೆ ನೋವು ಕೊಟ್ಟಿತು. ಪವಿತ್ರನಾದ ದೇವರ ಮುಂದೆ ನಡುಕ ಸಹಜ. ಆದರೆ ಆ ನಡುಕ ಅವನನ್ನು ಓಡಿಸಲಿಲ್ಲ, ದಡದಲ್ಲಿರುವುದು ಯೇಸು ಎಂದು ತಿಳಿದೊಡನೆ ದೋಣಿಯಿಂದ ನೀರಿಗೆ ಹಾರಿದ್ದವನು ಅವನೇ.

ಮಗುವಿನ ಜ್ವರದ ಮಾತು ನನಗೆ ಜಾಸ್ತಿ ನೋವು ತಂದಿತು. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದ್ದರು, ಇದು ಯಾರ ಪಾಪ ಎಂದು. ಇವನದೂ ಅಲ್ಲ, ತಂದೆತಾಯಿಗಳದೂ ಅಲ್ಲ ಎಂದ ಯೇಸು. ಯೋಹಾನ 9:3. ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ, ಮಗುವಿನ ಪಕ್ಕ ಕೂತ್ಕೊಳ್ಳಿ. ನಿಮ್ಮ ಲೆಕ್ಕ ತೀರಿಸಲು ದೇವರು ಮಗುವನ್ನು ಹಿಡಿದುಕೊಂಡಿಲ್ಲ.

ಹಳೇ ಚಿತ್ರ ಒಂದೇ ದಿನಕ್ಕೆ ಹೋಗುವುದಿಲ್ಲ. ಬಂದರೆ ಗುದ್ದಾಡಬೇಡಿ. ‘ಇದು ಅಪ್ಪನ ಮುಖ’ ಅಂತ ಹೇಳಿಕೊಂಡು ಪ್ರಾರ್ಥನೆ ಮುಂದುವರಿಸಿ. ಕಣ್ಣು ತೆರೆದುಕೊಂಡೇ ಪ್ರಾರ್ಥಿಸಿದರೂ ತಪ್ಪೇನಿಲ್ಲ. ‘ತಂದೆ’ ಎಂದು ಕರೆಯಲು ಬಾಯಿ ಬರದಿದ್ದರೆ ಸದ್ಯಕ್ಕೆ ಬಿಡಿ. ತಾಯಿ ಸಂತೈಸುವಂತೆ ಸಂತೈಸುವೆನು ಎಂದು ಯೆಶಾಯ 66:13ರಲ್ಲಿ ಆತನೇ ಹೇಳಿದ್ದಾನೆ. ಅಪ್ಪನ ಸಿಟ್ಟು ಹೊಡೆತದವರೆಗೆ ಹೋಗಿದ್ದರೆ ಒಬ್ಬ ಆಪ್ತಸಮಾಲೋಚಕರನ್ನು ಕಾಣಿ. ಆ ಗೆಳತಿಗೂ ಹೇಳಿ. ಹೊಟ್ಟೆಕಿಚ್ಚಾಗುತ್ತದೆ ಎಂಬುದನ್ನೂ ಮುಚ್ಚಿಡಬೇಡಿ. ಕೆಲವು ದಿನ ನಿಮ್ಮ ಪರವಾಗಿ ಅವರು ಗಟ್ಟಿಯಾಗಿ ಪ್ರಾರ್ಥಿಸಲಿ, ನೀವು ಸುಮ್ನೆ ಪಕ್ಕದಲ್ಲಿ ಕೂತು ಕೇಳಿ.