ಓದುಗರ ಪ್ರಶ್ನೆ: ಖಳನಾಯಕಿಯಿಲ್ಲದ ಮನೆ

ಪ್ರಶ್ನೆ: ಸಂಡೂರು ಸೀಮೆಯ ನಮ್ಮೂರಿನಲ್ಲಿ ಒಂದು ಕಾಲಕ್ಕೆ ಅದಿರು ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಗಣಿಗಾರಿಕೆ ನಿಂತ ಮೇಲೆ, ಸಾಲ ಮಾಡಿ ಎರಡು ಲಾರಿ ಕೊಂಡಿದ್ದ ಕೂಡುಕುಟುಂಬವೊಂದು ಹೇಗೆ ಚೆದುರಿತೆಂಬುದನ್ನು ಕಿರುತೆರೆಯ ಧಾರಾವಾಹಿಯಾಗಿ ಬರೆಯುತ್ತಿದ್ದೇನೆ. ಸಾರಾಂಶ ಓದಿದ ನಿರ್ಮಾಪಕರೊಬ್ಬರು ‘ಇದರಲ್ಲಿ ಖಳನಾಯಕಿ ಎಲ್ಲಿ?’ ಎಂದು ಕೇಳಿದರು. ಸೊಸೆಯರಲ್ಲಿ ಒಬ್ಬಳನ್ನು ಕೆಟ್ಟವಳನ್ನಾಗಿ ಮಾಡಬೇಕೇ?
(ಹೆಸರು ಬೇಡವೆಂದ ಓದುಗರು, ಬಳ್ಳಾರಿ ಜಿಲ್ಲೆ)

ಉತ್ತರ: ಮಾಡಬೇಡಿ. ಆದರೆ ನಿರ್ಮಾಪಕರ ಮಾತನ್ನು ಪೂರ್ತಿ ತಳ್ಳಿಹಾಕಲೂಬೇಡಿ. ವಾರದಲ್ಲಿ ಐದಾರು ದಿನ ಬರುವ ಕಥೆಗೆ ನಾಳೆಯೂ ನೋಡಬೇಕೆನ್ನಿಸುವ ಎಳೆಯೊಂದು ಬೇಕು. ಸಂಚು ಹೂಡುವ ಸೊಸೆ ಅದನ್ನು ಸುಲಭವಾಗಿ ಒದಗಿಸುತ್ತಾಳೆ, ಅಷ್ಟೆ. ನಿಮ್ಮ ಕಥೆಯಲ್ಲಿ ಆ ಕೆಲಸಕ್ಕೆ ಲಾರಿಯ ಕಂತು ಇದೆ. ಮೊದಲ ತಿಂಗಳು ಕೈಯಲ್ಲಿದ್ದ ಹಣದಲ್ಲಿ ತೀರಿದ ಕಂತು, ಮೂರನೆಯ ತಿಂಗಳಿಗೆ ತಂಗಿಯ ಮದುವೆಗೆಂದು ಎತ್ತಿಟ್ಟ ಹಣಕ್ಕೆ ಕೈಹಾಕುತ್ತದೆ, ಆರನೆಯ ತಿಂಗಳಿಗೆ ಹಿರಿಯ ಸೊಸೆಯ ತವರಿನ ಬಂಗಾರ ಅಡವಿಗೆ ಹೋಗುತ್ತದೆ. ಆ ಬಂಗಾರವನ್ನು ಅವಳ ಮುಂದೆ ಬಾಯಿಬಿಟ್ಟು ಕೇಳುವವರು ಅತ್ತೆಯೋ, ಗಂಡನೋ, ಮೈದುನನೋ ಎಂಬುದೊಂದರಲ್ಲೇ ನಾಲ್ಕು ಸಂಚಿಕೆಗಳಿವೆ.

ನಿಮ್ಮ ಸಾರಾಂಶದಲ್ಲಿ ‘ಒಂದು ದಿನ ಗಣಿ ನಿಂತಿತು’ ಎಂದು ಒಂದೇ ವಾಕ್ಯವಿದೆ. ಕಥೆಯ ಜೀವವನ್ನೇ ನೀವು ಅಲ್ಲಿ ಬಿಟ್ಟುಕೊಟ್ಟಿದ್ದೀರಿ ಎಂದು ನನ್ನ ಅನಿಸಿಕೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ತಡೆಯಿತು. ಮರುವರ್ಷ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮ ಅತಿ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವಕ್ಕೆ ಷರತ್ತಿನ ಮೇಲೆ ದಾರಿಮಾಡಿದ ತೀರ್ಪು ಬಂದದ್ದು 2013ರ ಏಪ್ರಿಲ್ 18ರಂದು. ನಡುವಿನ ಇಪ್ಪತ್ತಕ್ಕೂ ಹೆಚ್ಚು ತಿಂಗಳು ‘ಮುಂದಿನ ತಿಂಗಳು ಶುರುವಾಗುತ್ತದಂತೆ’ ಎಂಬ ಮಾತನ್ನು ನಂಬಿ ಲಾರಿಯನ್ನು ಮಾರದೆ ಕುಳಿತ ಅಪ್ಪ, ಸಿಕ್ಕ ಬೆಲೆಗೆ ಕೊಟ್ಟುಬಿಡೋಣ ಎನ್ನುವ ಮಗ, ಇಬ್ಬರೂ ತಪ್ಪಿತಸ್ಥರಲ್ಲ; ಅದಕ್ಕೇ ಅವರ ಜಗಳ ನೋಡುವವರನ್ನು ಕಾಡುತ್ತದೆ. ಗಣಿ ಮತ್ತೆ ತೆರೆದಾಗಲೂ ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಬಿದ್ದುದರಿಂದ, ಕಾದು ಕುಳಿತ ಲಾರಿಗಳಿಗೆಲ್ಲ ಮೊದಲಿನಷ್ಟು ಬಾಡಿಗೆ ಸಿಗುವಂತಿರಲಿಲ್ಲ.

ಊರು ಸೊರಗಿದ್ದನ್ನು ತೋರಿಸಲು ಮುಚ್ಚಿದ ಅಂಗಡಿಗಳ ಸಾಲನ್ನೇ ಮತ್ತೆ ಮತ್ತೆ ಚಿತ್ರೀಕರಿಸುವ ಅಗತ್ಯವಿಲ್ಲ. ಲಾರಿಗಳು ಓಡುತ್ತಿದ್ದಾಗ ಹಿತ್ತಲಲ್ಲಿ ಒಣಹಾಕಿದ ಧೋತರ ಸಂಜೆಗೆ ಕೆಂಪಾಗುತ್ತಿತ್ತೆಂದು ಧೂಳನ್ನು ಶಪಿಸುತ್ತಿದ್ದ ಅಜ್ಜಿ, ಈಗ ಬೆಳ್ಳಗೆ ಒಣಗಿದ ಅದೇ ಧೋತರವನ್ನು ಮಡಚುತ್ತ ಏನೂ ಮಾತಾಡದಿರಲಿ.

ಪ್ರಶ್ನೆ: ಇಂಥ ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತನ್ನು ನಗಿಸುವ ಪಾತ್ರಕ್ಕೆ ಮಾತ್ರ ಕೊಡುತ್ತಾರೆ. ಇಡೀ ಮನೆ ಅದನ್ನೇ ಆಡಿದರೆ ಉಳಿದವರಿಗೆ ಅರ್ಥವಾಗುವುದಿಲ್ಲವೇ?
(ಓದುಗರೊಬ್ಬರು, ಸಿಂಧನೂರು)

ಉತ್ತರ: ಆಗುತ್ತದೆ. ನಮ್ಮ ಕಂಪನಿ ನಾಟಕಗಳನ್ನು ರಾಜ್ಯದ ಎಲ್ಲ ಕಡೆಯ ಜನ ಕುಳಿತು ನೋಡಿದ್ದಾರೆ. ಎಚ್ಚರ ಬೇಕಾದದ್ದು ಬೇರೆ ಕಡೆ: ‘ಉತ್ತರ ಕರ್ನಾಟಕದ ಭಾಷೆ’ ಎಂಬ ಒಂದೇ ಅಚ್ಚಿನಲ್ಲಿ ಎಲ್ಲರನ್ನೂ ಎರಕ ಹೊಯ್ಯುವ ಅಭ್ಯಾಸ ಬರಹಗಾರರಿಗಿದೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಆದ್ದರಿಂದ ಬಳ್ಳಾರಿಯ ಲಾರಿ ಮಾಲೀಕನ ಮಾತಿನಲ್ಲಿ ತೆಲುಗು ಇಣುಕಿದರೆ, ಅವನ ಮಗಳನ್ನು ತಂದುಕೊಂಡ ರಾಯಚೂರಿನ ಬೀಗರ ಮಾತಿನಲ್ಲಿ ಉರ್ದು ಹೆಚ್ಚು ಬೆರೆತಿರುತ್ತದೆ, ಮತ್ತು ಮೇಲಿನ ಓದುಗರ ಕಥೆಯಲ್ಲಿ ಆ ಬೀಗರು ಸಾಲ ಕೇಳಲು ಬಂದವನನ್ನು ‘ಮೊದಲ ಊಟಾ ಮಾಡ್ರಿ’ ಎಂದು ಕೂಡಿಸಿ, ಹಣದ ಮಾತೆತ್ತದೆ ಕಳಿಸುವ ದೃಶ್ಯವನ್ನು ಆ ಮಾತಿನಲ್ಲೇ ಬರೆಯಬೇಕು.